ಕೇಳಿದವನು ನಾಚದಿರಲಿ: ಕೃಷಿಕರ ವಾಟ್ಸಾಪು ಗುಂಪನ್ನು ನಡೆಸುವ ಬಗೆ

ಅಡಿಕೆ ತೋಟದವರಿಗೆ ಮಳೆಗಾಲವೆಂದರೆ ಎರಡು ಚಿಂತೆ. ಒಂದು ಮಹಾಳಿ, ಇನ್ನೊಂದು, ಮದ್ದು ಬಿಡಲು ಬಿಸಿಲೂ ಆಳೂ ಒಂದೇ ದಿನ ಒದಗಬೇಕಲ್ಲ ಎಂಬುದು. ಹಿಂದೆ ಇಂತಹ ಮಾತುಗಳು ಸೊಸೈಟಿಯ ಜಗಲಿಯಲ್ಲಿಯೋ ಹೋಟೆಲಿನ ಬೆಂಚಿನ ಮೇಲೋ ನಡೆಯುತ್ತಿದ್ದುವು. ಈಗ ಊಟವಾದ ಮೇಲೆ ಮೊಬೈಲಿನಲ್ಲಿ ನಡೆಯುತ್ತವೆ. ನಮ್ಮ ಕಾಸರಗೋಡು ಸೀಮೆಯ ಅಂತಹದೊಂದು ಕೃಷಿಕರ ಗುಂಪಿಗೆ ನಾನು ಕೆಲವು ವರ್ಷಗಳಿಂದ ನಿರ್ವಾಹಕ. ಹಗಲು ಶಾಲೆ, ಬೆಳಗ್ಗೆ ಸಂಜೆ ತೋಟ, ರಾತ್ರಿ ಈ ಕೆಲಸ. ಈ ಕೆಲಸದಲ್ಲಿ ನಾನು ಮಾಡಿದ ಒಂದು ತಪ್ಪನ್ನೂ, ಅದರಿಂದ ಕಲಿತ ಪಾಠವನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಆಟಿ ತಿಂಗಳ ಒಂದು ರಾತ್ರಿ. ಪಟ್ಟಣದ ಉದ್ಯೋಗ ಬಿಟ್ಟು ತಂದೆಯ ತೋಟಕ್ಕೆ ಮರಳಿದ್ದ ತರುಣನೊಬ್ಬ ಗುಂಪಿನಲ್ಲಿ ಕೇಳಿದ: "ನಾಳೆ ಎರಡನೆಯ ಸಲದ ಮದ್ದು ಬಿಡಬೇಕೆಂದಿದ್ದೇನೆ. ಹೊಸ ಸುಣ್ಣ ಸಿಗಲಿಲ್ಲ. ಕಳೆದ ವರ್ಷದ ಹುಡಿ ಸುಣ್ಣ ಆಗಬಹುದೇ?" ಇದಕ್ಕೆ ಹಿರಿಯ ಕೃಷಿಕರೊಬ್ಬರು, "ಸುಣ್ಣದ ವಿಷಯ ತಿಳಿಯದವನಿಗೆ ತೋಟ ಯಾಕೆ? ವೀಳ್ಯಕ್ಕೆ ಹಚ್ಚುವ ಸುಣ್ಣ ಹಾಕು" ಎಂದು ಬರೆದರು. ಅದರ ಕೆಳಗೆ ಹತ್ತಿಪ್ಪತ್ತು ನಗುಮುಖಗಳು ಬಿದ್ದುವು. ಉತ್ತರವನ್ನು ಮಾತ್ರ ಯಾರೂ ಕೊಡಲಿಲ್ಲ. ನಾನು ಉತ್ತರಪತ್ರಿಕೆ ತಿದ್ದುತ್ತಿದ್ದೆ. ನೋಡಿದೆ, ತಮಾಷೆಯೆಂದು ಸುಮ್ಮನಾದೆ. ಬೆಳಗಾಗುವಾಗ ಅವನು ಗುಂಪು ಬಿಟ್ಟುಹೋಗಿದ್ದ.

ವಾರ ಕಳೆದು ಅವನ ಮನೆಗೆ ಹೋದೆ. ಗೊನೆಗಳಲ್ಲಿ ಎಳೆಯ ನಳ್ಳಿ ಕಂದಿ ಸುಟ್ಟಂತಾಗಿತ್ತು. ಅವನು ದೂರಲಿಲ್ಲ. "ಮಾಷ್ಟ್ರೇ, ನಾನು ಕೇಳಿದ್ದು ತಪ್ಪಾಯಿತೋ?" ಎಂದು ಮಾತ್ರ ಕೇಳಿದ.

ಅವನು ಕೇಳಿದ್ದು ತಪ್ಪಲ್ಲ. ಕೇಳಲೇಬೇಕಾದ ಪ್ರಶ್ನೆಯೇ ಆಗಿತ್ತು. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತು, 1 ಕಿಲೋ ಒಳ್ಳೆಯ ಸುಣ್ಣ, 100 ಲೀಟರು ನೀರು ಎಂಬುದು ಎಲ್ಲರಿಗೂ ತಿಳಿದದ್ದಷ್ಟೆ. ಆದರೆ ಗಾಳಿ ತಗಲಿದ ಹಳೆಯ ಸುಣ್ಣಕ್ಕೆ ಶಕ್ತಿ ಕಡಮೆ. ಮೈಲುತುತ್ತಿನ ಆಮ್ಲ ತಣಿಯದೆ ಉಳಿದರೆ ಅದು ಎಳೆಗಾಯಿಯನ್ನು ಸುಡುತ್ತದೆ. ಉಜ್ಜಿ ತೊಳೆದ ಕಬ್ಬಿಣದ ಕತ್ತಿಯನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ನೋಡಬೇಕು. ಅದರ ಮೇಲೆ ತಾಮ್ರದ ಕೆಂಪು ಕೂತರೆ, ಕೂರದಾಗುವವರೆಗೆ ಇನ್ನಷ್ಟು ಸುಣ್ಣದ ತಿಳಿ ಸೇರಿಸಬೇಕು. ಇಷ್ಟು ಹೇಳಲು ಎರಡು ನಿಮಿಷ ಸಾಕಿತ್ತು. ನಮ್ಮಲ್ಲಿ ಇನ್ನೂರರಷ್ಟು ಮಂದಿ ಇದ್ದೆವು, ತಿಳಿದವರೂ ಇದ್ದರು. ನಗುವಿನ ನಡುವೆ ಉತ್ತರ ಹೇಳುವುದಕ್ಕೆ ಅವರೂ ಹಿಂಜರಿದರು.

ಶಿಕ್ಷಕ ತರಬೇತಿಯಲ್ಲಿ ನಮಗೆ ಕಲಿಸಿದ ಮಾತೊಂದಿದೆ. ತರಗತಿಯಲ್ಲಿ ಒಬ್ಬ ಹುಡುಗನ ಪ್ರಶ್ನೆಗೆ ನಗು ಎದ್ದರೆ, ಅವನೊಬ್ಬನೇ ಅಲ್ಲ, ಹಿಂದಿನ ಸಾಲಿನವರೆಲ್ಲರೂ ಕೈ ಎತ್ತುವುದನ್ನು ನಿಲ್ಲಿಸುತ್ತಾರೆ. ಇದನ್ನು ಶಾಲೆಯಲ್ಲಿ ಪಾಲಿಸುವ ನಾನು ಗುಂಪಿನಲ್ಲಿ ಮರೆತಿದ್ದೆ. ಗುಂಪು ಬದುಕುವುದು ತಿಳಿದವರಿಂದ ಮಾತ್ರವಲ್ಲ, ಕೇಳುವವರಿಂದ. ಆದುದರಿಂದ ನಿರ್ವಾಹಕನ ಮೊದಲನೆಯ ಕೆಲಸ ಕೇಳುವವನನ್ನು ಕಾಯುವುದು. ಅಂದಿನಿಂದ ನಾವು ನಡೆಸಿಕೊಂಡು ಬಂದ ಕ್ರಮ ಹೀಗಿದೆ.

ಮೊದಲನೆಯದಾಗಿ, ಒಬ್ಬನೇ ನಿರ್ವಾಹಕ ಸಾಲದು. ಈಗ ನಾವು ಮೂವರು. ನಮ್ಮ ಗುಂಪಿನಲ್ಲಿ ಕನ್ನಡದಲ್ಲಿ ಬರೆಯುವವರು, ತುಳುವಿನಲ್ಲಿ ಮಾತು ಕಳುಹಿಸುವವರು, ಮಲೆಯಾಳದಲ್ಲಿ ಉತ್ತರಿಸುವವರು ಎಲ್ಲರೂ ಇದ್ದಾರೆ. ಒಂದು ಭಾಷೆಯ ತಮಾಷೆ ಇನ್ನೊಂದರಲ್ಲಿ ಬೈಗುಳವಾಗಿ ಕೇಳುವುದುಂಟು. ಮೂರು ಭಾಷೆಯ ಕಿವಿಗಳೂ ನಿರ್ವಾಹಕರಲ್ಲಿ ಇರಬೇಕು. ರಾತ್ರಿ ಎಂಟರಿಂದ ಹತ್ತರವರೆಗೆ, ಮಾತು ಬಿರುಸಾಗಿರುವ ಹೊತ್ತಿನಲ್ಲಿ, ಸರದಿಯಂತೆ ಒಬ್ಬರು ಗಮನವಿಡುತ್ತೇವೆ.

ಎರಡನೆಯದಾಗಿ, ಯಾವ ಪ್ರಶ್ನೆಯೂ ಉತ್ತರವಿಲ್ಲದೆ ಮಲಗಬಾರದು. ಬಲ್ಲವರು ಉತ್ತರಿಸದಿದ್ದರೆ ನಿರ್ವಾಹಕನೇ ಬಲ್ಲವರಿಗೆ ಫೋನು ಮಾಡಿ ಕೇಳುತ್ತಾನೆ. ಯಾರಿಗೂ ತಿಳಿಯದಿದ್ದರೆ ತಿಳಿಯದೆಂದೇ ಬರೆದು, ಪಂಚಾಯತಿನ ಕೃಷಿ ಭವನದಲ್ಲಿ ವಿಚಾರಿಸುವಂತೆ ಹೇಳುತ್ತೇವೆ. ಹೊಸಬರು ಸೇರಿದ ದಿನ ಅವರ ಊರು, ಬೆಳೆ ಕೇಳಿ ಎಲ್ಲರಿಗೂ ಪರಿಚಯಿಸುತ್ತೇವೆ. ಪರಿಚಯವಾದವನನ್ನು ಗೇಲಿ ಮಾಡುವುದಕ್ಕೆ ನಾಲಿಗೆ ಬೇಗ ಏಳುವುದಿಲ್ಲ.

ಮೂರನೆಯದಾಗಿ, ಮದ್ದಿನ ಮಾತಿಗೆ ಮನೆತನ ಬೇಕು. ಯಾವ ಬೆಳೆ, ಯಾವ ರೋಗ, ಎಷ್ಟು ಪ್ರಮಾಣ, ಯಾರು ಪ್ರಯೋಗಿಸಿ ನೋಡಿದ್ದಾರೆ ಎಂಬುದಿಲ್ಲದ ಸಂದೇಶವನ್ನು ತೆಗೆಯುತ್ತೇವೆ. ದಿನಾಂಕವಿಲ್ಲದ ಮಳೆಯ ಎಚ್ಚರಿಕೆಗೂ ಇದೇ ಗತಿ. ಸುಳ್ಳು ಸುದ್ದಿಯ ಹಾವಳಿಯಿಂದಾಗಿ 2018ರಲ್ಲಿ ವಾಟ್ಸಾಪಿನವರು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ರವಾನಿಸಬಹುದೆಂದು ಮಿತಿಯಿಟ್ಟರು. ಬಹಳ ಕೈ ದಾಟಿ ಬಂದ ಸಂದೇಶಕ್ಕೆ 2020ರಿಂದ ಒಮ್ಮೆಗೆ ಒಂದೇ ಕಡೆ. ಅಂತಹದರ ಮೇಲೆ ಎರಡು ಬಾಣಗಳ ಗುರುತಿರುತ್ತದೆ. ಆ ಗುರುತು ಕಂಡೊಡನೆ ಕೃಷಿಕನ ಕೈ ತಡೆಯಬೇಕು.

ನಾಲ್ಕನೆಯದಾಗಿ, ತಿದ್ದುವುದು ಗುಟ್ಟಿನಲ್ಲಿ, ಮೆಚ್ಚುವುದು ಎಲ್ಲರೆದುರು. ಒರಟು ಮಾತು ಬಂದರೆ ಆ ಮಾತನ್ನು ತೆಗೆದು, ಏಕೆ ತೆಗೆದೆವೆಂದು ಒಂದು ಸಾಲು ಬರೆಯುತ್ತೇವೆ. ಬರೆದವರಿಗೆ ಫೋನು ಮಾಡಿ ಮಾತಾಡುತ್ತೇವೆ. ಅಕ್ಷರದಲ್ಲಿ ಬಿಗಿದುಕೊಂಡ ಜಗಳ ದನಿ ಕೇಳಿದಾಗ ಅರ್ಧ ಸಡಿಲುತ್ತದೆ. ಮಾತು ಕೈಮೀರಿದರೆ, ನಿರ್ವಾಹಕರು ಮಾತ್ರ ಬರೆಯಬಹುದಾದಂತೆ ಗುಂಪನ್ನು ಒಂದು ರಾತ್ರಿಯ ಮಟ್ಟಿಗೆ ಮುಚ್ಚುತ್ತೇವೆ. ಈ ಸೌಕರ್ಯ 2018ರಲ್ಲಿ ಬಂದದ್ದು. ಬೆಳಗ್ಗೆ ತೆರೆಯಲೇಬೇಕು, ಸದಾ ಮುಚ್ಚಿದ ಗುಂಪು ನೋಟೀಸು ಹಲಗೆಯಾದೀತು. ಎರಡು ಸಲ ಹೇಳಿಯೂ ಕೇಳದವರನ್ನು ಮಾತ್ರ ಹೊರಗಿಡುವುದು. ಈ ನಿಯಮ ನಂಟರಿಗೂ ದೊಡ್ಡ ತೋಟದವರಿಗೂ ಒಂದೇ.

ಹೊಣೆ ತಲೆಗೆ ಬಂದೀತೆಂದು ನಿರ್ವಾಹಕರಾಗಲು ಹೆದರುವವರುಂಟು. ಸದಸ್ಯನೊಬ್ಬ ಹಾಕಿದ ಆಕ್ಷೇಪಾರ್ಹ ಸಂದೇಶಕ್ಕೆ, ನಿರ್ವಾಹಕನೆಂಬ ಒಂದೇ ಕಾರಣದಿಂದ ನಿರ್ವಾಹಕನನ್ನು ಹೊಣೆ ಮಾಡಲಾಗದೆಂದು ಕೇರಳ ಹೈಕೋರ್ಟು 2022ರ ಫೆಬ್ರವರಿಯಲ್ಲಿ ಹೇಳಿದೆ. ಸದಸ್ಯರನ್ನು ಸೇರಿಸುವುದು, ತೆಗೆಯುವುದು ಮಾತ್ರ ಅವನ ವಿಶೇಷ ಅಧಿಕಾರವೆಂಬುದು ಅದಕ್ಕೆ ಕೊಟ್ಟ ಕಾರಣಗಳಲ್ಲೊಂದು. ಇತರರ ಸಂದೇಶವನ್ನು ಎಲ್ಲರಿಗೂ ಕಾಣದಂತೆ ಅಳಿಸುವ ಅಧಿಕಾರ ನಿರ್ವಾಹಕನಿಗೆ ದೊರೆತದ್ದು ಅದೇ ವರ್ಷ, ಆ ತೀರ್ಪಿನ ಅನಂತರ. ಕಾನೂನಿನ ಮಾತು ಏನೇ ಇರಲಿ, ನೆರೆಕರೆಯ ಹೊಣೆ ನಮಗೆ ತಪ್ಪಿದ್ದಲ್ಲ. ಅಳಿಸುವ ಕೈಯಿದ್ದೂ ಆ ರಾತ್ರಿ ನಾನು ಸುಮ್ಮನಿದ್ದೆ. ನಷ್ಟವಾದದ್ದು ಬೇರೊಬ್ಬರ ತೋಟಕ್ಕೆ.

ಆ ತರುಣನ ಕ್ಷಮೆ ಕೇಳಿ, ಪುನಃ ಕರೆದೆ. ತಿಂಗಳೆರಡು ಕಳೆದ ಮೇಲೆ ಬಂದ. ಗೇಲಿ ಮಾಡಿದ ಹಿರಿಯರ ಮನೆಗೂ ಹೋಗಿ, ಕಂದಿದ ಗೊನೆಯ ವಿಷಯ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. "ನಾನು ನಗಾಡಿದ್ದಷ್ಟೇ ಮಾಷ್ಟ್ರೇ, ಹೀಗಾದೀತೆಂದು ಗ್ರಹಿಸಲಿಲ್ಲ" ಎಂದರು. ಮರುವರ್ಷ ಮದ್ದಿನ ಹೊತ್ತಿನಲ್ಲಿ ಹೊಸಬರೊಬ್ಬರು ಹೆಚ್ಚುಕಡಮೆ ಅದೇ ಪ್ರಶ್ನೆ ಕೇಳಿದಾಗ, ಮೊದಲು ಉತ್ತರ ಕೊಟ್ಟವರು ಅವರೇ. ಕತ್ತಿ ಅದ್ದಿ ನೋಡುವ ಕ್ರಮವನ್ನು ತಮ್ಮ ದನಿಯಲ್ಲೇ ವಿವರಿಸಿ ಕಳುಹಿಸಿದರು.

ವಾಚಕ ಬಂಧುಗಳೇ, ತಮ್ಮ ಊರಿನಲ್ಲಿಯೂ ಇಂತಹ ಗುಂಪುಗಳಿರಬಹುದು. ಇಂದು ರಾತ್ರಿ ಮೊಬೈಲು ತೆರೆದಾಗ, ಉತ್ತರ ಸಿಗದೆ ಉಳಿದ ಪ್ರಶ್ನೆ ಯಾವುದಾದರೂ ಇದೆಯೇ ಎಂದು ಒಮ್ಮೆ ಮೇಲೆ ಸರಿಸಿ ನೋಡಿರಿ. ಇದ್ದರೆ, ತಿಳಿದಷ್ಟನ್ನು ಉತ್ತರಿಸಿ ಮಲಗಿರಿ.