ವಕೀಲರು ತಡ ಮಾಡಿದ್ರ ರೊಕ್ಕದ ಹೊಣೆ ಯಾರದು? ಚೆಕ್ ಬೌನ್ಸ್ ಆದ ಅಂಗಡಿಕಾರರು ಓದಬೇಕಾದ ಸುದ್ದಿ

ಸುರೇಬಾನ: ಉದ್ರಿ ಬಾಕಿಗೆ ಗಿರಾಕಿ ಕೊಟ್ಟ ಚೆಕ್ ಬೌನ್ಸ್ ಆಗುತ್ತದೆ. ಅಂಗಡಿಕಾರ ರಾಮದುರ್ಗಕ್ಕೆ ಹೋಗಿ ಚೆಕ್, ಬ್ಯಾಂಕಿನ ಮೆಮೋ, ಫೀಸು ಎಲ್ಲಾ ವಕೀಲರ ಕೈಗೆ ಕೊಟ್ಟು ಬರುತ್ತಾನೆ. ‘ನೋಟಿಸ್ ಕಳಸ್ತೀನಿ, ನೀವು ಆರಾಮ ಹೋಗ್ರಿ’ ಅಂತಾರೆ ವಕೀಲರು. ಎರಡು ತಿಂಗಳ ಮೇಲೆ ವಿಚಾರಿಸಿದರೆ ನೋಟಿಸ್ ಹೋಗಿದ್ದೇ ತಡವಾಗಿ, ಕೇಸು ನಿಲ್ಲೋದಿಲ್ಲ ಅಂತ ಗೊತ್ತಾಗುತ್ತದೆ.

ಇದು ಊರಿನ ಯಾರದೋ ಕಥೆ ಅಲ್ಲ, ಉದಾಹರಣೆಗೆ ಹೇಳಿದ್ದು. ಆದರೆ ನೂಲು, ಸೀರೆ, ಗೊಬ್ಬರ, ಕಿರಾಣಿ ಅಂತ ಉದ್ರಿ ಮೇಲೆ ವ್ಯಾಪಾರ ನಡೆಸುವ ನಮ್ಮ ಕಡೆ ಯಾರಿಗೂ ಆಗಬಹುದಾದದ್ದು. ಹಿಂಗ ಆದ್ರ ಆ ರೊಕ್ಕಕ್ಕೆ ಯಾರು ಜವಾಬ್ದಾರಿ? ‘ಗ್ರಾಹಕರ ಕೋರ್ಟಿಗೆ ಹೋಗೋಣ’ ಅನ್ನುವವರು ಈಗಲೂ ಇದ್ದಾರೆ. ಆ ಬಾಗಿಲು 2024ರಲ್ಲಿ ಮುಚ್ಚಿದೆ.

ಮೊದಲು ತಾರೀಖಿನ ಲೆಕ್ಕ ನೋಡೋಣ, ಯಾಕಂದ್ರ ತಪ್ಪು ಆಗುವುದು ಹೆಚ್ಚಾಗಿ ಅಲ್ಲೇ. ಚೆಕ್ಕಿನ ಮೇಲಿನ ತಾರೀಖಿನಿಂದ ಮೂರು ತಿಂಗಳೊಳಗೆ ಅದನ್ನು ಬ್ಯಾಂಕಿಗೆ ಹಾಕಬೇಕು. ಬೌನ್ಸ್ ಆದ ಮಾಹಿತಿ ಬ್ಯಾಂಕಿನಿಂದ ಬಂದ ಮೇಲೆ 30 ದಿನದೊಳಗೆ ಚೆಕ್ ಕೊಟ್ಟವನಿಗೆ ಲಿಖಿತ ನೋಟಿಸ್ ಕೊಡಬೇಕು. ನೋಟಿಸ್ ಅವನ ಕೈಗೆ ಮುಟ್ಟಿದ ಮೇಲೆ ರೊಕ್ಕ ಕಟ್ಟಲು ಅವನಿಗೆ 15 ದಿನ. ಕಟ್ಟದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ಕೋರ್ಟಿನಲ್ಲಿ ದೂರು ದಾಖಲಾಗಬೇಕು. ಮೆಮೋ ಮಾರ್ಚ್ 5ಕ್ಕೆ ಬಂತು ಅಂದ್ಕೊಳ್ರಿ, ನೋಟಿಸಿಗೆ ಏಪ್ರಿಲ್ 4 ಕೊನೆ ದಿನ. ಅದು ಏಪ್ರಿಲ್ 10ಕ್ಕೆ ಮುಟ್ಟಿದರೆ 25ರವರೆಗೆ ಅವನ ಗಡುವು. ದೂರು ಮೇ 26 ದಾಟುವಂತಿಲ್ಲ.

ಇದರಲ್ಲಿ ಒಂದು ಸೂಕ್ಷ್ಮ ಇದೆ. ದೂರು ಕೊಡುವುದು ತಡವಾದರೆ ಸರಿಯಾದ ಕಾರಣ ತೋರಿಸಿ ಮಾಫಿ ಕೇಳಬಹುದು, ಕೋರ್ಟಿಗೆ ಒಪ್ಪುವ ಅಧಿಕಾರ ಇದೆ. ನೋಟಿಸ್ ತಡವಾದರೆ ಮಾತ್ರ ಮಾಫಿ ಇಲ್ಲ. ಚೆಕ್ಕಿನ ಅವಧಿ ಇನ್ನೂ ಇದ್ದರೆ ಮತ್ತೊಮ್ಮೆ ಬ್ಯಾಂಕಿಗೆ ಹಾಕಿ ಹೊಸ ಮೆಮೋ ಪಡೆಯಬಹುದು. ಅವಧಿ ಮುಗಿದಿದ್ದರೆ ಆ ಚೆಕ್ಕಿನ ಮೇಲೆ 138ನೇ ಕಲಂ ಕೇಸು ಮುಗಿದಂಗ. ಆಗ ಉಳಿಯುವುದು ಸಿವಿಲ್ ದಾವೆ, ಅದಕ್ಕೆ ಸಾಮಾನ್ಯವಾಗಿ ಮೂರು ವರ್ಷದ ಮಿತಿ.

ಗ್ರಾಹಕರ ಕೋರ್ಟಿನ ಬಾಗಿಲು ಮುಚ್ಚಿದ ಪ್ರಕರಣವೂ ಚೆಕ್ ಬೌನ್ಸಿನಿಂದಲೇ ಶುರುವಾಗಿದ್ದು. ದಿಲ್ಲಿಯ ಡಿ.ಕೆ. ಗಾಂಧಿ ಅನ್ನುವವರು 20,000 ರೂಪಾಯಿ ಚೆಕ್ ಬೌನ್ಸ್ ಆಯಿತೆಂದು ವಕೀಲರನ್ನು ಹಿಡಿದರು. ಚೆಕ್ ಕೊಟ್ಟವನು ಆ ಮೊತ್ತ ಮತ್ತು ಖರ್ಚಿಗೆಂದು 5,000 ರೂಪಾಯಿ ಚೆಕ್ ಕೊಟ್ಟು ರಾಜಿಗೆ ಬಂದ. ವಕೀಲರು ಅದನ್ನು ತಮಗೆ ತಲುಪಿಸದೆ, ಉಲ್ಟಾ ಫೀಸಿಗಾಗಿ ದಾವೆ ಹೂಡಿದರು ಅಂತ ಗಾಂಧಿಯವರ ದೂರು. ಜಿಲ್ಲಾ ವೇದಿಕೆ ಅವರ ಪರ ಹೇಳಿತು, ರಾಜ್ಯ ಆಯೋಗ ಅದನ್ನು ತಿರುಗಿಸಿತು, 2007ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ವಕೀಲರ ಸೇವೆಯೂ ಗ್ರಾಹಕ ಕಾಯ್ದೆಯೊಳಗೆ ಬರುತ್ತದೆ ಅಂದಿತು. ಕೊನೆಗೆ 2024ರ ಮೇ 14ರಂದು ಸುಪ್ರೀಂ ಕೋರ್ಟ್, ನ್ಯಾಯಮೂರ್ತಿಗಳಾದ ಬೇಲಾ ತ್ರಿವೇದಿ ಮತ್ತು ಪಂಕಜ್ ಮಿತ್ತಲ್ ಅವರ ಪೀಠ, ಬರುವುದಿಲ್ಲ ಎಂದು ತೀರ್ಪು ಕೊಟ್ಟಿತು. ವಕೀಲ ಕಕ್ಷಿದಾರನ ಹತೋಟಿಯಲ್ಲಿ, ಅವನ ಪರವಾಗಿ ಕೆಲಸ ಮಾಡುವವನು, ಆದ್ದರಿಂದ ಅದು ಕಾಯ್ದೆ ಹೊರಗಿಟ್ಟಿರುವ ವೈಯಕ್ತಿಕ ಸೇವೆಯ ಕರಾರು ಅನ್ನುವುದು ಮುಖ್ಯ ಕಾರಣ. ಡಾಕ್ಟರ ಮೇಲೆ ಇವತ್ತಿಗೂ ಗ್ರಾಹಕ ಆಯೋಗಕ್ಕೆ ಹೋಗಬಹುದು. ನಮಗೆ ಈ ವ್ಯತ್ಯಾಸ ಅಷ್ಟು ಸುಲಭಕ್ಕೆ ಅರ್ಥವಾಗುವುದಿಲ್ಲ, ಆದರೆ ಕಾನೂನು ಸದ್ಯ ಹಾಗಿದೆ.

ಹಂಗಂತ ವಕೀಲರಿಗೆ ಹೊಣೆಯೇ ಇಲ್ಲ ಅಂತಲ್ಲ. 1926ರ ವಕೀಲರ ಶುಲ್ಕ ಕಾಯ್ದೆಯ 5ನೇ ಕಲಂ ಸ್ಪಷ್ಟವಾಗಿದೆ: ವಕೀಲ ಅನ್ನುವ ಒಂದೇ ಕಾರಣಕ್ಕೆ ನಿರ್ಲಕ್ಷ್ಯದ ನಷ್ಟದಿಂದ ಯಾರೂ ತಪ್ಪಿಸಿಕೊಳ್ಳುವಂತಿಲ್ಲ. ಸಿವಿಲ್ ಕೋರ್ಟಿನಲ್ಲಿ ಪರಿಹಾರ ಕೇಳಬಹುದು. ಆದರೆ ಕೇಸು ಸೋತಿದ್ದು ಅಷ್ಟೇ ನಿರ್ಲಕ್ಷ್ಯ ಆಗುವುದಿಲ್ಲ. ಮಾಡಬೇಕಾದ ಕೆಲಸ ಮಾಡಲಿಲ್ಲ, ಅದರಿಂದಲೇ ಇಷ್ಟು ನಷ್ಟ ಆಯಿತು ಎಂದು ತೋರಿಸಬೇಕು. ಎರಡನೆಯ ದಾರಿ ಬೆಂಗಳೂರಿನ ಕರ್ನಾಟಕ ರಾಜ್ಯ ವಕೀಲರ ಪರಿಷತ್ತು. 1961ರ ವಕೀಲರ ಕಾಯ್ದೆಯ 35ನೇ ಕಲಂ ಪ್ರಕಾರ ಅದು ಛೀಮಾರಿ ಹಾಕಬಹುದು, ಸನ್ನದು ಅಮಾನತು ಮಾಡಬಹುದು, ಪಟ್ಟಿಯಿಂದ ಹೆಸರನ್ನೇ ತೆಗೆಯಬಹುದು. ಒಂದು ವರ್ಷದೊಳಗೆ ದೂರು ತೀರ್ಮಾನ ಆಗದಿದ್ದರೆ ಅದು ಭಾರತೀಯ ವಕೀಲರ ಪರಿಷತ್ತಿಗೆ ಹೋಗುತ್ತದೆ. ರೊಕ್ಕ ನುಂಗಿದ್ದರೆ ಪೊಲೀಸ್ ದೂರಿನ ದಾರಿ ಬೇರೆ.

ಪರಿಷತ್ತಿನ ದಾರಿ ಬರೀ ಕಾಗದದ ಮೇಲಿನದಲ್ಲ. ತಮಿಳುನಾಡಿನ ಒಂದು ಹಳೆಯ ಪ್ರಕರಣದಲ್ಲಿ ವೃದ್ಧ ದಂಪತಿ 15,000 ಮತ್ತು 5,000 ರೂಪಾಯಿಯ ಎರಡು ಪ್ರಾಮಿಸರಿ ನೋಟುಗಳನ್ನು ವಕೀಲರಿಗೆ ಕೊಟ್ಟಿದ್ದರು. ದಾವೆ ಹೂಡದೇ ‘ಕೇಸು ನಡೆದದ’ ಅನ್ನುತ್ತಾ ಬಂದರು, ಅವಧಿ ಮುಗಿಯಿತು. ರಾಜ್ಯ ಪರಿಷತ್ತು ಆರು ವರ್ಷ ಅಮಾನತು ಮಾಡಿತು, ಭಾರತೀಯ ಪರಿಷತ್ತು ಅದನ್ನು ಒಂದು ವರ್ಷಕ್ಕೆ ಇಳಿಸಿತು. 1978ರಲ್ಲಿ ಸುಪ್ರೀಂ ಕೋರ್ಟ್ ಅಮಾನತಿನ ಒಂದು ಭಾಗ ಉಳಿಸಿ, ಬಡವರಿಗೆ ಪುಕ್ಕಟೆ ಕಾನೂನು ನೆರವು ಕೊಡುವ ಕೆಲಸವನ್ನೂ ಹಚ್ಚಿತು.

ವಕೀಲರ ಕಚೇರಿಗಳ ಕಡೆಯಿಂದ ನೋಡಿದರೂ ಅಪಾಯ ಹೆಚ್ಚುತ್ತಿದೆ. ಒಬ್ಬ ವಕೀಲರು, ಒಬ್ಬ ಗುಮಾಸ್ತ, ನೂರಾರು ಫೈಲು, ಒಂದೇ ಡೈರಿ. ಗುಮಾಸ್ತ ತಾರೀಖು ಬರೆಯುವುದು ಮರೆತರೂ ಉತ್ತರ ಕೊಡಬೇಕಾದವರು ವಕೀಲರೇ. ಗಡುವಿನ ತಾರೀಖನ್ನು ಎರಡು ಕಡೆ ಬರೆಯುವುದು, ಫೈಲು ಬಂದ ದಿನವೇ ಕೊನೆಯ ದಿನ ಲೆಕ್ಕ ಹಾಕಿ ಹೊದಿಕೆಯ ಮೇಲೆ ಕೆಂಪು ಶಾಯಿಯಲ್ಲಿ ಬರೆಯುವುದು, ಇವಕ್ಕೇನೂ ಖರ್ಚಿಲ್ಲ. ಪ್ಲಾಟು, ಮನೆ ಸಾಲಕ್ಕೆ ಬ್ಯಾಂಕಿಗೆ ಕೊಡುವ ಕಾನೂನು ಅಭಿಪ್ರಾಯವೂ ಕುತ್ತಿಗೆಗೆ ಬರಬಹುದು. ಹೈದರಾಬಾದಿನ ವಿಜಯಾ ಬ್ಯಾಂಕಿನ ಗೃಹಸಾಲ ಪ್ರಕರಣದಲ್ಲಿ ಸಿಬಿಐ ವಕೀಲರನ್ನೂ ಆರೋಪಿ ಮಾಡಿತ್ತು. ವಂಚಕರ ಜೊತೆ ಶಾಮೀಲಾದ ಪುರಾವೆ ಇಲ್ಲದೆ ಬರೀ ನಿರ್ಲಕ್ಷ್ಯಕ್ಕೆ ಕ್ರಿಮಿನಲ್ ಕೇಸು ನಡೆಯದು ಎಂದು 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಆದರೆ ನಷ್ಟ ಪರಿಹಾರ ಮತ್ತು ಶಿಸ್ತು ಕ್ರಮದ ಹೊಣೆ ಉಳಿಯುತ್ತದೆ ಎಂದೂ ಹೇಳಿತು.

ಹೊಸ ತಲೆನೋವು ಎಐ. ಕಂಪ್ಯೂಟರು ಇಲ್ಲದ ತೀರ್ಪನ್ನು ಇದ್ದಂತೆ ಹುಟ್ಟಿಸಿ ಕೊಡುತ್ತದೆ. ನ್ಯೂಯಾರ್ಕಿನಲ್ಲಿ 2023ರಲ್ಲಿ ಅಂಥ ತೀರ್ಪುಗಳನ್ನು ಕೋರ್ಟಿಗೆ ಕೊಟ್ಟ ಇಬ್ಬರು ವಕೀಲರು ಮತ್ತು ಅವರ ಸಂಸ್ಥೆಗೆ 5,000 ಡಾಲರ್ ದಂಡ ಬಿತ್ತು. ನಮ್ಮಲ್ಲೂ ಬೆಂಗಳೂರಿನ ಸಿವಿಲ್ ಕೋರ್ಟಿನ ಒಂದು ಆದೇಶದಲ್ಲಿ ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳ ಉಲ್ಲೇಖ ಕಂಡು 2025ರಲ್ಲಿ ಹೈಕೋರ್ಟ್ ವಿಚಾರಣೆಗೆ ಸೂಚಿಸಿತು.

ವೃತ್ತಿ ಹೊಣೆಯ ವಿಮೆ ಅಂತ ಒಂದಿದೆ. ಇಂಗ್ಲೆಂಡಿನಲ್ಲಿ ಸಾಲಿಸಿಟರ್ ಸಂಸ್ಥೆಗಳಿಗೆ ಅದು ಕಡ್ಡಾಯ, ಇಲ್ಲಿ ಅಲ್ಲ. ಬೈಕಿಗೆ ಇನ್ಶೂರೆನ್ಸ್ ಇಲ್ಲದೆ ರಸ್ತೆಗೆ ಇಳಿಯಬಾರದು, ಜನರ ಆಸ್ತಿ ಕಾಗದ ಕೈಯಲ್ಲಿ ಹಿಡಿದವರಿಗೆ ಮಾತ್ರ ಬೇಡ ಅನ್ನುವುದು ನಮಗಂತೂ ವಿಚಿತ್ರ ಅನಿಸುತ್ತದೆ.

ಇನ್ನು ನಮ್ಮ ಕಡೆಯ ಕೆಲಸ. ‘ವಕೀಲರು ನೋಡ್ಕೊಂತಾರ’ ಅಂತ ಕೂಡುವಂತಿಲ್ಲ. ವಕೀಲರ ತಪ್ಪಿಗೆ ಕಕ್ಷಿದಾರನಿಗೆ ಶಿಕ್ಷೆ ಆಗಬಾರದು ಅಂತ 1981ರಲ್ಲೇ ಸುಪ್ರೀಂ ಕೋರ್ಟ್ ಹೇಳಿತ್ತು, ನಿಜ. ಆದರೆ 2024ರ ನವೆಂಬರಿನಲ್ಲಿ ಅದೇ ಕೋರ್ಟ್, ಎಲ್ಲಾ ತಪ್ಪನ್ನು ವಕೀಲರ ಮೇಲೆ ಹಾಕಿ ಕೈ ತೊಳೆದುಕೊಳ್ಳಲು ಬರುವುದಿಲ್ಲ, ಕಕ್ಷಿದಾರನೂ ಎಚ್ಚರ ಇರಬೇಕು ಎಂದಿತು. ಮೆಮೋ, ಚೆಕ್ ಕೊಡುವ ಮೊದಲು ಜೆರಾಕ್ಸ್ ಇಟ್ಟುಕೊಳ್ಳಿ, ಕೊಟ್ಟ ತಾರೀಖು ಬರೆಸಿಕೊಳ್ಳಿ. ಫೀಸಿಗೆ ರಸೀದಿ ಕೇಳುವುದು ಅಪಮಾನ ಅಲ್ಲ, ಫೋನ್‌ಪೇ ಮಾಡಿದರೂ ಯಾತಕ್ಕೆ ಅಂತ ಒಂದು ಸಾಲು ಬರೆಯಿರಿ. ನೋಟಿಸ್ ಕಳಿಸಿದ ಅಂಚೆ ರಸೀದಿಯ ಫೋಟೋ ವಾಟ್ಸಾಪಿನಲ್ಲಿ ತರಿಸಿಕೊಳ್ಳಿ.

ವಕಾಲತ್ತು ನಾಮೆಗೆ ಸಹಿ ಮಾಡುವಾಗ ಓದಿಸಿ ಕೇಳಿ. ಕಕ್ಷಿದಾರನ ಅಧಿಕಾರ ಇಲ್ಲದೆ ವಕೀಲರು ಅವನ ಹಕ್ಕು ಬಿಟ್ಟುಕೊಡುವಂತಿಲ್ಲ ಎಂದು 2015ರ ತೀರ್ಪು ಹೇಳುತ್ತದೆ, ಆದರೆ ರಾಜಿ ಮಾಡುವ ಅಧಿಕಾರವನ್ನು ಅಚ್ಚಾದ ನಮೂನೆಯಲ್ಲೇ ಬರೆದಿರುವುದುಂಟು. ಕೇಸು ದಾಖಲಾದ ಮೇಲೆ 16 ಅಕ್ಷರ-ಅಂಕಿಯ ಸಿಎನ್‌ಆರ್ ನಂಬರ್ ಕೇಳಿ ಪಡೆಯಿರಿ. ಇ-ಕೋರ್ಟ್ಸ್ ಆ್ಯಪಿನಲ್ಲಿ ಹಾಕಿದರೆ ಮುಂದಿನ ತಾರೀಖು, ಹಿಂದೆ ಏನಾಯಿತು ಎಲ್ಲಾ ಮೊಬೈಲಿನಲ್ಲೇ ಕಾಣುತ್ತದೆ. ನಂಬರ್ ಕೊಡಲು ವಾರಗಟ್ಟಲೆ ‘ನಾಳೆ, ನಾಡಿದ್ದು’ ಅಂದರೆ ಕೇಸು ದಾಖಲಾಗಿದೆಯೋ ಇಲ್ಲವೋ ಕೋರ್ಟಿನಲ್ಲೇ ವಿಚಾರಿಸಿ.

ವಕೀಲರನ್ನು ಬದಲಿಸಬೇಕು ಅನಿಸಿದರೆ ಫೀಸು ಬಾಕಿ ಅಂತ ಫೈಲು ಹಿಡಿದಿಟ್ಟುಕೊಳ್ಳಲು ಅವರಿಗೆ ಹಕ್ಕಿಲ್ಲ, 2000ದಲ್ಲಿ ಸುಪ್ರೀಂ ಕೋರ್ಟ್ ಇದನ್ನು ತೀರ್ಮಾನಿಸಿದೆ. ಬಾಕಿ ಫೀಸಿಗೆ ಅವರು ಬೇರೆ ದಾರಿ ಹುಡುಕಬೇಕು, ನಿಮ್ಮ ಚೆಕ್ಕು, ಉತಾರ, ಖರೀದಿ ಪತ್ರ ನಿಮಗೆ ವಾಪಸ್ ಬರಬೇಕು. ಲಿಖಿತವಾಗಿ ಕೇಳಿ, ಒಂದು ಪ್ರತಿ ಇಟ್ಟುಕೊಳ್ಳಿ. ಎಲ್ಲಿ ಹೋಗಬೇಕು ತಿಳಿಯದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಬಹುದು, ಇಲ್ಲವೇ 15100 ನಂಬರಿಗೆ ಫೋನ್ ಹಚ್ಚಬಹುದು.