ಘಟ್ಟದ ದಾರಿಯಲ್ಲಿ ಒಂದು ಪದ್ಮಿನಿ

ನಂದಿಬೆಟ್ಟದ ಆಸುಪಾಸಿನಲ್ಲಿ ಹುಟ್ಟುವ ನದಿಗಳಲ್ಲಿ ಒಂದಾದರೂ ಪಡುಗಡಲನ್ನು ಕಂಡದ್ದಿಲ್ಲ. ಉತ್ತರ ಪಿನಾಕಿನಿ ನೆಲ್ಲೂರಿನ ಕಡೆ, ದಕ್ಷಿಣ ಪಿನಾಕಿನಿ ಕಡಲೂರಿನ ಕಡೆ, ಪಾಲಾರು ಕಲ್ಪಾಕ್ಕಂ ಸಮೀಪ, ಹೀಗೆ ಮೂರೂ ಮೂಡಣ ಸಮುದ್ರವನ್ನೇ ಸೇರುತ್ತವೆ. ಹರಿಯಲು ನೀರಿದ್ದ ವರ್ಷಗಳಲ್ಲಿ ಎಂದು ಸೇರಿಸಿ ಹೇಳಬೇಕು. ನಮ್ಮ ಚಿಂತಾಮಣಿಯವರಿಗೂ ನಕಾಶೆಯ ಲೆಕ್ಕದಲ್ಲಿ ಹತ್ತಿರದ ಕಡಲು ಚೆನ್ನೈಯದೇ. ಆದರೂ ಶನಿವಾರ ಭಾನುವಾರಗಳ ಬೆನ್ನಿಗೆ ಇನ್ನೊಂದು ರಜೆ ಅಂಟಿಕೊಂಡಿತೆಂದರೆ, ನದಿಗಳ ಬುದ್ಧಿಮಾತನ್ನು ಕೇಳದೆ ನಮ್ಮ ಜನ ಪಶ್ಚಿಮಕ್ಕೇ ಹೊರಡುತ್ತಾರೆ. ಹೊಸಕೋಟೆಯಲ್ಲಿ ನಮ್ಮೂರ ರಸ್ತೆ ಹೆದ್ದಾರಿಯನ್ನು ಮುಟ್ಟುತ್ತದೆ. ಆ ಹೆದ್ದಾರಿಯ ಸಂಖ್ಯೆ ಈಗ 75. ಎಡಕ್ಕೆ ಹೊರಳಿದರೆ ಕೋಲಾರ, ಮುಳಬಾಗಿಲು, ಮುಂದೆ ವೆಲ್ಲೂರು. ಬಲಕ್ಕೆ ಹೊರಳಿದರೆ ಬೆಂಗಳೂರು, ಹಾಸನ, ಸಕಲೇಶಪುರ, ಕಡೆಗೆ ಬಂಟ್ವಾಳ. ಒಂದೇ ಸಂಖ್ಯೆಯ ಈ ದಾರಿಯಲ್ಲಿ ವಾರಾಂತ್ಯಕ್ಕೆ ಸಾವಿರಾರು ಸಂಸಾರಗಳು ಬಲಕ್ಕೆ ಹೊರಳುತ್ತವೆ. ಹೋದ ಬೇಸಗೆಯಲ್ಲಿ ಅವುಗಳಲ್ಲಿ ನಮ್ಮದೂ ಒಂದಾಗಿತ್ತು.

ಮಗ, ಸೊಸೆ, ಒಂಬತ್ತು ವರ್ಷದ ಮೊಮ್ಮಗ ಮತ್ತು ನಾನು. ಕಾರು ಮಗನದು, ಹೊಸದು, ಒಳಗೆ ಕುಳಿತರೆ ಹೊರಗಿನ ಸದ್ದೇ ಕೇಳಿಸದಂಥದು. ಹಿಂದಿನ ಆಸನದಲ್ಲಿ ನನಗೂ ಮೊಮ್ಮಗನಿಗೂ ಒಂದು ಆಟ ನಡೆದಿತ್ತು. ಹಳೆಯ ಕಾರನ್ನು ಯಾರು ಮೊದಲು ಕಾಣುತ್ತಾರೋ ಅವರಿಗೆ ಒಂದು ಅಂಕ. ಅದರ ಹೆಸರನ್ನೂ ಹೇಳಿದರೆ ಎರಡು. ಬೆಳಗಿನ ಜಾವ ಮೂರು ಗಂಟೆಗೆ ಹೊರಟವರು ಹಾಸನ ದಾಟುವವರೆಗೆ ಇಬ್ಬರಿಗೂ ಸೊನ್ನೆ. ವೇಗವಾಗಿ ಓಡುವ ರಸ್ತೆಯಲ್ಲಿ ಕಾರುಗಳು ಕಾಣಿಸುವುದಿಲ್ಲ, ಬಣ್ಣಗಳು ಮಾತ್ರ ಕಾಣಿಸುತ್ತವೆ. ಸಕಲೇಶಪುರ ದಾಟಿ ಮಾರನಹಳ್ಳಿಯ ಕಡೆ ಸಾಗುತ್ತಿದ್ದಾಗ, ಹನ್ನೊಂದರ ಬಿಸಿಲಿನಲ್ಲಿ, ಎಲ್ಲವೂ ನಿಂತಿತು.

ಹೀಗೆ ನಿಲ್ಲುವುದೇಕೆ ಎಂಬುದನ್ನು ತುಸು ವಿವರಿಸಬೇಕು. ಮುಂದೆ ಅಪಘಾತವಾಗಿರಬೇಕೆಂದು ಎಲ್ಲರೂ ಭಾವಿಸುತ್ತಾರೆ. ಗಂಟೆಯ ನಂತರ ಸಾಲು ಸಡಿಲಿ ಮುಂದೆ ಹೋದರೆ ಅಲ್ಲಿ ಏನೂ ಇರುವುದಿಲ್ಲ, ಒಂದು ಗಾಜಿನ ಚೂರು ಕೂಡ. ಜಪಾನಿನ ವಿದ್ವಾಂಸರು ಈ ಸೋಜಿಗವನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದರು. 230 ಮೀಟರ್ ಸುತ್ತಳತೆಯ ವೃತ್ತದಲ್ಲಿ 22 ಕಾರುಗಳನ್ನು ಬಿಟ್ಟು, ಎಲ್ಲರೂ ಗಂಟೆಗೆ 30 ಕಿ.ಮೀ. ವೇಗದಲ್ಲಿ ಸಮನಾಗಿ ಸುತ್ತುತ್ತಿರಿ ಎಂದರು. ತಿರುವಿಲ್ಲ, ಹಳ್ಳವಿಲ್ಲ, ದನವಿಲ್ಲ. ಆದರೂ ಸ್ವಲ್ಪ ಹೊತ್ತಿಗೆಲ್ಲ ಒಬ್ಬ ಕೊಂಚ ನಿಧಾನಿಸಿದ. ಹಿಂದಿನವನು ಅವನಿಗಿಂತ ಕೊಂಚ ಹೆಚ್ಚು ಬ್ರೇಕು ಒತ್ತಿದ. ಅವನ ಹಿಂದಿನವನು ಇನ್ನಷ್ಟು. ಕಡೆಗೆ ಒಬ್ಬ ನಿಂತೇಬಿಟ್ಟ. ಕಾರುಗಳು ಮುಂದೆ ಹೋಗುತ್ತಿದ್ದರೆ ಆ ನಿಲುಗಡೆ ಮಾತ್ರ ಅಲೆಯಂತೆ ಹಿಂದಕ್ಕೆ, ಗಂಟೆಗೆ ಸುಮಾರು 20 ಕಿ.ಮೀ. ವೇಗದಲ್ಲಿ ಸರಿಯುತ್ತಿತ್ತು. ಸಮುದ್ರ ನೋಡಲು ಹೊರಟವರಿಗೆ ಅಲೆಯ ಮೊದಲ ದರ್ಶನ ಘಟ್ಟದ ಮೇಲೆಯೇ ಆಗುತ್ತದೆ ಎನ್ನಬಹುದು.

ಶಿರಾಡಿಯಲ್ಲಿ ಇದರ ಜೊತೆಗೆ ಬೇರೆ ಕಾರಣಗಳೂ ಇವೆ. ಅಗಲವಾಗಿ ಬಂದ ಹೆದ್ದಾರಿ ಘಟ್ಟದ ಬಾಯಿಯಲ್ಲಿ ಕಿರಿದಾಗುತ್ತದೆ. ಮಂಗಳೂರಿನ ಬಂದರಿನಿಂದ ಅನಿಲ ತುಂಬಿದ ಟ್ಯಾಂಕರುಗಳು ಏದುಸಿರು ಬಿಡುತ್ತ ಹತ್ತುತ್ತವೆ, ಅವುಗಳ ಹಿಂದೆ ತಾಳ್ಮೆಗೆಟ್ಟ ಇಪ್ಪತ್ತು ಕಾರು. ಮಳೆಗಾಲದಲ್ಲಿ ಗುಡ್ಡವೇ ಜರಿಯುತ್ತದೆ. 2024ರ ಜುಲೈಯಲ್ಲಿ ದೊಡ್ಡತಪ್ಪಲೆಯ ಬಳಿ ಹಾಗಾಯಿತು. ಕಾಂಕ್ರೀಟು ಹಾಸುವುದಕ್ಕೆಂದು 2015ರಲ್ಲೊಮ್ಮೆ, 2018ರಲ್ಲೊಮ್ಮೆ ತಿಂಗಳುಗಟ್ಟಲೆ ಈ ದಾರಿಯನ್ನು ಮುಚ್ಚಿದ್ದೂ ಉಂಟು.

ನಿಂತದ್ದರಿಂದ ನನಗೆ ಒಂದು ಲಾಭವಾಯಿತು. ರಸ್ತೆಯ ಅಂಚಿನಲ್ಲಿ, ಬಾನೆಟ್ಟು ತೆರೆದುಕೊಂಡು ನಿಂತಿದ್ದ ಒಂದು ಕೆನೆಬಣ್ಣದ ಕಾರು ಕಣ್ಣಿಗೆ ಬಿತ್ತು. ಬೆನ್ನಿನ ಎರಡು ಕಡೆ ಮೀನಿನ ರೆಕ್ಕೆಯಂತೆ ಚೂಪಾಗಿ ಎದ್ದ ಅಂಚು, ಮುಂಬಾಗಿಲ ಕಿಟಕಿಯ ಮೂಲೆಯಲ್ಲಿ ತಿರುಗಿಸಿದರೆ ಗಾಳಿ ತರುವ ತ್ರಿಕೋನದ ಸಣ್ಣ ಗಾಜು. ಮೊಮ್ಮಗ ಬಾಯಿ ತೆರೆಯುವ ಮೊದಲೇ "ಪದ್ಮಿನಿ" ಎಂದುಬಿಟ್ಟೆ. ಎರಡು ಅಂಕ. ಆದರೆ ಅದು ನ್ಯಾಯವಾದ ಆಟವಾಗಿರಲಿಲ್ಲ. ಅಂಥದೇ ಒಂದು ಪದ್ಮಿನಿ ಚಿಂತಾಮಣಿಯ ನಮ್ಮ ಮನೆಯ ಮುಂದೆ ಟಾರ್ಪಾಲಿನ ಕೆಳಗೆ ನಿಂತಿತ್ತು.

ಕಾರುಗಳ ಮುಪ್ಪಿನ ವಿಚಾರದಲ್ಲಿ ಲೋಕದಲ್ಲಿ ಒಮ್ಮತವಿಲ್ಲ. 'ವಿಂಟೇಜ್' ಎನ್ನಬೇಕಾದರೆ 1930ರ ಒಳಗೆ ತಯಾರಾಗಿರಬೇಕೆಂಬುದು ಇಂಗ್ಲೆಂಡಿನ ರೂಢಿ. ನಮ್ಮ ದೇಶದಲ್ಲಿ 2021ರ ನಿಯಮ ಐವತ್ತು ವರ್ಷ ತುಂಬಿದ ವಾಹನಕ್ಕೆ ಆ ಪದವಿಯನ್ನು ಕೊಟ್ಟು, ಬೇರೆಯದೇ ಒಂದು ನೋಂದಣಿ ಸಂಖ್ಯೆಯನ್ನೂ ಕರುಣಿಸಿ, ಪ್ರದರ್ಶನಕ್ಕೂ ರ್ಯಾಲಿಗೂ ಹೊರತು ದಿನದ ಓಡಾಟಕ್ಕೆ ಬಳಸಬಾರದು ಎನ್ನುತ್ತದೆ. ಕನ್ನಡದ ಮೇಷ್ಟರಿಗೆ ಇದು ಅರ್ಥವಾಗುವುದು ಹೀಗೆ: ಅರಮನೆಗಳ ಗಾಡಿಗಳು ಹಳಗನ್ನಡ. ಅವಕ್ಕೆ ವಿದ್ವಾಂಸರಿದ್ದಾರೆ, ಪೋಷಕರಿದ್ದಾರೆ, ಅಪಾರ ಮರ್ಯಾದೆಯಿದೆ. ಮಗನ ಕಾರು ಹೊಸಗನ್ನಡ. ಅಂಬಾಸಡರ್, ಪದ್ಮಿನಿ, ಮದರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್, ಇವೆಲ್ಲ ನಡುಗನ್ನಡ. ಎಲ್ಲರಿಗೂ ಅರ್ಥವಾಗುತ್ತದೆ, ಯಾರೂ ಬಳಸುವುದಿಲ್ಲ. ನಮ್ಮ ಕಾರು 1986ರದು. ಪೂಜ್ಯವಾಗಲು ಅದಕ್ಕೆ 2036ರವರೆಗೆ ಬದುಕಬೇಕು. ವಸ್ತುಗಳು ಕಣ್ಮರೆಯಾಗುವುದು ಈ ನಡುವಯಸ್ಸಿನಲ್ಲಿಯೇ ಎಂದು ನನಗೆ ತೋರುತ್ತದೆ. ಓಡಿಸುವುದಕ್ಕೆ ಹಳೆಯದು, ಉಳಿಸುವುದಕ್ಕೆ ಹೊಸದು ಎಂಬ ಕಾಲದಲ್ಲಿ.

ಪದ್ಮಿನಿಯ ವಂಶಾವಳಿಯಲ್ಲಿ ನಮ್ಮ ಸೀಮೆಗೆ ಒಂದು ಪಾಲುಂಟು ಎಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರನ್ನು ನಾವು ಕಟ್ಟೆ, ಕಾಲುವೆ, ಕಬ್ಬಿಣದ ಕಾರ್ಖಾನೆಗಳಿಗಾಗಿ ನೆನೆಯುತ್ತೇವೆ. ಎಪ್ಪತ್ತು ದಾಟಿದ ಮೇಲೆ ಅವರು ಬೆನ್ನುಹತ್ತಿದ್ದು ಮೋಟಾರು ಕಾರ್ಖಾನೆಯನ್ನು. 1935ರಲ್ಲಿ ಯೂರೋಪು ಅಮೆರಿಕಗಳನ್ನು ಸುತ್ತಿ ಅಲ್ಲಿನ ಕಾರ್ಖಾನೆಗಳನ್ನು ಕಂಡು, ಭಾರತದಲ್ಲಿಯೇ ಕಾರು ಮಾಡುವ ಯೋಜನೆಯೊಂದನ್ನು ಸಿದ್ಧಪಡಿಸಿದರು. ಬ್ರಿಟಿಷ್ ಸರ್ಕಾರದಿಂದ ಅದಕ್ಕೆ ಬೇಕಾದ ಒತ್ತಾಸೆ ದೊರೆಯಲಿಲ್ಲ. ಆ ಪ್ರಯತ್ನದಲ್ಲಿ ಜೊತೆಗೂಡಿದ್ದ ಉದ್ಯಮಿ ವಾಲ್‌ಚಂದ್ ಹೀರಾಚಂದರು 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸಂಸ್ಥೆಯನ್ನು ಸ್ಥಾಪಿಸಿದರು. ಅಲ್ಲಿಂದ ಮೊದಲು ಡಾಡ್ಜ್, ಪ್ಲಿಮತ್, ಫಾರ್ಗೊ. ಆಮೇಲೆ ಇಟಲಿಯ ಫಿಯಟ್. ಆ ಫಿಯಟ್ಟಿಗೇ 1974ರ ಸುಮಾರಿಗೆ ಪದ್ಮಿನಿ ಎಂಬ ಹೆಸರು ಬಂತು. 1089 ಸಿ.ಸಿ.ಯ ಎಂಜಿನ್ನು, ಸ್ಟಿಯರಿಂಗಿನ ಕತ್ತಿನಲ್ಲಿ ಗೇರು. ಹೊಸ ಶತಮಾನದ ಆರಂಭದಲ್ಲಿ ತಯಾರಿಕೆ ನಿಂತಿತು. ಮುಂಬಯಿಯ ಟ್ಯಾಕ್ಸಿಗಳಲ್ಲಿ ಕಡೆಯ ಪದ್ಮಿನಿ 2023ರ ಅಕ್ಟೋಬರಿನಲ್ಲಿ ನಿವೃತ್ತಿ ಹೊಂದಿತು. ವಿಶ್ವೇಶ್ವರಯ್ಯನವರ ಯೋಜನೆ ಅಂದೇ ಕೈಗೂಡಿದ್ದರೆ ನಮ್ಮ ಕಾರುಗಳ ಕಥೆ ಬೇರೆಯಾಗುತ್ತಿತ್ತೋ ಏನೋ. ಅದು ಅರ್ಥಶಾಸ್ತ್ರಜ್ಞರಿಗೆ ಬಿಟ್ಟ ವಿಷಯ.

ಮಗನಿಗೆ ಹೇಳಿ ಕಾರಿನಿಂದ ಇಳಿದೆ. ಪದ್ಮಿನಿಯ ಒಡೆಯ ಮೂವತ್ತರ ಹರೆಯದವನು, ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ, ತಾಯಿಯ ತವರು ಕುಂದಾಪುರ. ಕಾರು ಸೋದರಮಾವನದಂತೆ, ಅವರಿಗೆ ತೋರಿಸಿ ಬರಲೆಂದು ಹೊರಟಿದ್ದ. "ಪೆಟ್ರೋಲ್ ಎಳೀತಾ ಇಲ್ಲ ಸಾರ್, ಹೊಸ ಪ್ಲಗ್ ಹಾಕಿದ್ದೀನಿ, ಆದರೂ ಎಳೀತಾ ಇಲ್ಲ" ಎಂದ. ನನಗೆ ಒಳಗೊಳಗೇ ಖುಷಿಯಾಯಿತು. ಮೂವತ್ತೈದು ವರ್ಷ ಪಾಠ ಹೇಳಿದವನಿಗೆ ಉತ್ತರ ಗೊತ್ತಿರುವ ಪ್ರಶ್ನೆ ಸಿಕ್ಕುವುದು ನಿವೃತ್ತಿಯ ನಂತರ ಅಪರೂಪ.

"ಒಂದು ಹಳೇ ಬಟ್ಟೆ, ಒಂದು ಬಾಟಲಿ ನೀರು ಇದೆಯೇನಪ್ಪ?" ಎಂದೆ.

ಬಟ್ಟೆಯನ್ನು ನೆನೆಸಿ ಪೆಟ್ರೋಲ್ ಪಂಪಿನ ಮೇಲೆ ಸುತ್ತಿದೆ. ಇದರ ಗುಟ್ಟು ದೊಡ್ಡದೇನಲ್ಲ. ಹಳೆಯ ಕಾರುಗಳಲ್ಲಿ ಈ ಪಂಪು ಬಿಸಿಯಾದ ಎಂಜಿನ್ನಿಗೆ ಅಂಟಿಕೊಂಡಿರುತ್ತದೆ. ಓಡುತ್ತಿರುವಾಗ ಗಾಳಿ ಬಡಿದು ತಂಪಾಗುತ್ತದೆ. ಸಾಲಿನಲ್ಲಿ ನಿಂತಾಗ ಗಾಳಿಯೂ ಇಲ್ಲ. ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಫ್ಯಾನು ಎಂಜಿನ್ನು ನಿಧಾನವಾದಂತೆ ತಾನೂ ನಿಧಾನವಾಗುತ್ತದೆ. ಹೆಚ್ಚು ಗಾಳಿ ಬೇಕಾದಾಗಲೇ ಕಡಿಮೆ ಬೀಸುವ ಫ್ಯಾನು! ಪಂಪಿನೊಳಗಿನ ಪೆಟ್ರೋಲು ಆವಿಯಾಗುತ್ತದೆ, ದ್ರವವನ್ನು ಎಳೆಯಬೇಕಾದ ಪಂಪು ಆವಿಯನ್ನು ಎಳೆಯಲಾರದೆ ಸೋಲುತ್ತದೆ. ಈಗಿನ ಕಾರುಗಳಲ್ಲಿ ಫ್ಯಾನಿಗೆ ಬೇರೆ ವಿದ್ಯುತ್ತು, ಪಂಪು ಪೆಟ್ರೋಲಿನ ತೊಟ್ಟಿಯೊಳಗೇ ಮುಳುಗಿರುತ್ತದೆ; ಆದ್ದರಿಂದ ಅವು ಸಾಲಿನಲ್ಲಿ ನಿಲ್ಲುವುದಕ್ಕೆಂದೇ ಹುಟ್ಟಿದಂತಿವೆ. ಪದ್ಮಿನಿ ಓಡುವ ರಸ್ತೆಗಾಗಿ ಹುಟ್ಟಿದ್ದು.

ತಣಿಯಲಿ ಎಂದು ಕಾಯುವಾಗ ಗಮನಿಸಿದೆ: ಅವನ ಕಾರಿನ ಎಡಗಡೆಯ ತ್ರಿಕೋನದ ಗಾಜು ಇರಲಿಲ್ಲ. ಆ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದ. "ಒಂದು ವರ್ಷದಿಂದ ಹುಡುಕ್ತಾ ಇದ್ದೀನಿ ಸಾರ್, ಗುಜರಿಯಲ್ಲೂ ಸಿಗ್ತಿಲ್ಲ" ಎಂದ. ನಾನು ಸುಮ್ಮನಿದ್ದೆ. ಕಾಲು ಗಂಟೆಗೆ ಎಂಜಿನ್ನು ಕೆಮ್ಮಿ, ಗುನುಗಿ, ನಿಂತಿತು. ಎರಡನೆಯ ಸಲಕ್ಕೆ ಹಿಡಿಯಿತು. "ಹತ್ತುವ ಗೇರಿನಲ್ಲೇ ಇಳಿಯಪ್ಪ, ಬ್ರೇಕನ್ನು ನಂಬಬೇಡ" ಎಂದು ಹೇಳಿ, ನನ್ನ ವಿಳಾಸವನ್ನೂ ಬರೆದುಕೊಟ್ಟೆ. ಏಕೆ ಕೊಟ್ಟೆನೆಂದು ಆಗ ಹೇಳಬಲ್ಲವನಾಗಿರಲಿಲ್ಲ.

ಕಡಲಿನ ವರ್ಣನೆಯನ್ನು ಶ್ರೋತೃಗಳು ನನ್ನಿಂದ ನಿರೀಕ್ಷಿಸಬಾರದು. ಬಯಲುಸೀಮೆಯವನು ಅದರ ಮುಂದೆ ಮೂಕನಾಗುವುದೇ ಸರಿ. ಮರವಂತೆಯಲ್ಲಿ ಹೆದ್ದಾರಿಯ ಒಂದು ಮಗ್ಗುಲಿಗೆ ಸಮುದ್ರ, ಇನ್ನೊಂದಕ್ಕೆ ಸೌಪರ್ಣಿಕೆ. ನಡುವೆ ಚಿತ್ರ ತೆಗೆಯಲು ನಿಂತ ಕಾರುಗಳ ಸಾಲಿನಿಂದಾಗಿ ಅಲ್ಲಿಯೂ ಅರ್ಧ ಗಂಟೆ. 1996ರಲ್ಲಿ ನಾನೂ ನನ್ನ ಪತ್ನಿಯೂ ನಮ್ಮ ಪದ್ಮಿನಿಯಲ್ಲಿ ಇಲ್ಲಿಗೆ ಬಂದಿದ್ದಾಗ ದಾರಿಗೆ ಎರಡು ದಿನ ಹಿಡಿದಿತ್ತು, ಆದರೆ ಎಲ್ಲಿಯೂ ಸಾಲಿನಲ್ಲಿ ನಿಂತ ನೆನಪಿಲ್ಲ. ಆಕೆ ಎಡಗಡೆಯ ಸಣ್ಣ ಗಾಜನ್ನು ತನ್ನ ಕಡೆಗೆ ಪೂರ್ತಿ ತಿರುಗಿಸಿಕೊಂಡು, ಉಪ್ಪುಗಾಳಿ ಮುಖಕ್ಕೆ ಬೀಳುವಂತೆ ಕೂತಿದ್ದಳು. ತಲೆ ನೋಯುತ್ತದೆ, ಮುಚ್ಚು ಎಂದರೆ ಕೇಳಲಿಲ್ಲ. ಆಕೆ ತೀರಿಕೊಂಡು ಈಗ ಕೆಲವು ವರ್ಷಗಳಾದವು.

ಹಿಂದಿರುಗುವಾಗ ಧರ್ಮಸ್ಥಳದಲ್ಲಿ ಇಳಿದೆವು. ಅಲ್ಲಿನ ಹಳೆಯ ಕಾರುಗಳ ಸಂಗ್ರಹ ನೋಡತಕ್ಕದ್ದು. ಅವುಗಳ ಹಿತ್ತಾಳೆಯೂ ಬಣ್ಣವೂ ಕನ್ನಡಿಯಂತೆ ಹೊಳೆಯುತ್ತವೆ. ಮೊಮ್ಮಗನಿಗೆ ಅಲ್ಲಿ ಒಂದೇ ಸಲಕ್ಕೆ ಹತ್ತಾರು ಅಂಕ ದೊರೆತು ಆಟವೇ ಕೆಟ್ಟುಹೋಯಿತು. "ತಾತ, ನಮ್ಮ ಕಾರನ್ನೂ ಇಲ್ಲಿಗೆ ಕೊಡೋಣವಾ?" ಎಂದ. "ಅದಕ್ಕೆ ಇನ್ನೂ ವಯಸ್ಸು ಸಾಲದು ಕಣೋ" ಎಂದೆ. ಮಗ ನನ್ನ ಮುಖ ನೋಡಿದ. ನಮ್ಮಿಬ್ಬರ ನಡುವೆ ಆ ಕಾರಿನ ಮಾತು ಮುಗಿಯದೆ ಉಳಿದಿತ್ತು. ಹದಿನೈದು ವರ್ಷವಾದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿಯನ್ನು ನವೀಕರಿಸಬೇಕು. 600 ರೂಪಾಯಿ ಇದ್ದ ಶುಲ್ಕ 2022ರಲ್ಲಿ 5,000ಕ್ಕೆ ಏರಿತು. 2025ರಲ್ಲಿ, ಇಪ್ಪತ್ತು ವರ್ಷ ದಾಟಿದ ಕಾರಿಗೆ 10,000. ನಾನು 2021ರಲ್ಲಿ ಮಾಡಿಸಿದ ನವೀಕರಣದ ಅವಧಿ 2026ಕ್ಕೆ ಮುಗಿಯುವುದು. ಅಷ್ಟರೊಳಗೆ ತೂಕಕ್ಕೆ ಹಾಕಿಬಿಡೋಣ ಎಂಬುದು ಮಗನ ವಾದ. ಅವನ ಮಾತಿನಲ್ಲಿ ತಪ್ಪು ಹುಡುಕಲು ಪ್ರಯತ್ನಿಸಿ ಸೋತಿದ್ದೇನೆ. ಓಡದ ಕಾರು, ಓಡಿಸಲು ಕಣ್ಣು ಸಾಲದ ಯಜಮಾನ.

ಮೂರನೆಯ ಭಾನುವಾರ ಆ ಹುಡುಗ ಚಿಂತಾಮಣಿಗೆ ಬಂದ, ಬಸ್ಸಿನಲ್ಲಿ. ಟಾರ್ಪಾಲು ಸರಿಸಿ ಕಾರಿನ ಸುತ್ತ ಎರಡು ಸಲ ಸುತ್ತಿದ. ಬೇಕಾದರೆ ಪೂರ್ತಿ ತೆಗೆದುಕೊಂಡು ಹೋಗಪ್ಪ, ಬಿಚ್ಚಿದರೆ ಇನ್ನೆರಡು ಕಾರು ಬದುಕಬಹುದು ಎಂದೆ. ಹಳೆಯ ಕಾರುಗಳು ಒಂದನ್ನೊಂದು ತಿಂದೇ ಉಳಿಯುತ್ತವೆಂಬುದು ಮೆಕ್ಯಾನಿಕ್ಕುಗಳೆಲ್ಲ ಬಲ್ಲ ಸಂಗತಿ. ಅವನು ಬಹಳ ಹೊತ್ತು ಯೋಚಿಸಿ, "ಬೇಡ ಸಾರ್, ಇದು ಹೀಗೇ ಇರಲಿ. ಆ ಒಂದು ಗಾಜು ಕೊಟ್ಟರೆ ಸಾಕು" ಎಂದ.

ಮೊಮ್ಮಗ ಸ್ಕ್ರೂಡ್ರೈವರ್ ತಂದುಕೊಟ್ಟ. ತುಕ್ಕು ಹಿಡಿದ ಎರಡು ಸ್ಕ್ರೂಗಳಿಗೆ ಸೀಮೆಎಣ್ಣೆ ಬಿಟ್ಟು ಒಂದು ಗಂಟೆ ಕಾಯಬೇಕಾಯಿತು. ಅಷ್ಟರಲ್ಲಿ ಊಟವೂ ಆಯಿತು. ಗಾಜನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ, ಕೈಚೀಲದಲ್ಲಿಟ್ಟುಕೊಂಡು, ಸಂಜೆಯ ಬಸ್ಸಿಗೆ ಅವನು ಹೊರಟ. ಹಣದ ಮಾತೆತ್ತಿದ್ದಕ್ಕೆ ಗದರಿಕೊಂಡೆ. ನಮ್ಮ ಕಾರಿನ ಎಡಗಡೆಯಲ್ಲಿ ಈಗ ಮೊಮ್ಮಗ ಅಳತೆಮಾಡಿ ಕತ್ತರಿಸಿದ ರಟ್ಟಿನ ತುಂಡೊಂದು ಇದೆ. ಮಳೆ ನೀರು ಇಳಿಯದಿರಲೆಂದು ಅದಕ್ಕೆ ಮೇಣ ಸವರಿದ್ದಾನೆ.

(ಆಕಾಶವಾಣಿಯ ಕೃಪೆಯಿಂದ)