ಗೊಲೊವಿನ್ ಎಷ್ಟನೇ ನಂಬರ್?

ರಾಮನಗರ, ಮಾಗಡಿ ಕಡೆಯ ಹುಡುಗರು ವಿದೇಶದ ಫುಟ್‌ಬಾಲ್ ನೋಡುವುದು ಬಹುಮಟ್ಟಿಗೆ ಮೊಬೈಲಿನಲ್ಲೇ. ಆಟಗಾರನ ಹೆಸರು ಹುಡುಕಿದರೆ ಸಾಕು, ವಯಸ್ಸು, ಎತ್ತರದ ಜೊತೆಗೆ ‘ಜನಪ್ರಿಯತೆಯಲ್ಲಿ ಇಷ್ಟನೇ ಸ್ಥಾನ’ ಎಂದು ಹೇಳುವ ತಾಣಗಳಿವೆ. ವಾದ ಹುಟ್ಟುವುದು ಅಲ್ಲಿಂದ.

ತಪ್ಪು ಕಲ್ಪನೆ: ಅದು ಫಿಫಾ ಕೊಟ್ಟ ರ‍್ಯಾಂಕ್.

ಸತ್ಯ: ಫಿಫಾ ರ‍್ಯಾಂಕ್ ಇರುವುದು ದೇಶದ ತಂಡಗಳಿಗೆ. ಆಟಗಾರರಿಗೆ ವರ್ಷಕ್ಕೊಮ್ಮೆ ಪ್ರಶಸ್ತಿ ಕೊಡುತ್ತಾರೆ, ಅಷ್ಟೇ.

ತಪ್ಪು ಕಲ್ಪನೆ: ಮೇಲಿನ ನಂಬರ್ ಇದ್ದವನೇ ಮೇಲಿನ ಆಟಗಾರ.

ಸತ್ಯ: ಹುಡುಕಾಟ, ಕ್ಲಿಕ್ಕುಗಳ ಮೇಲೆ ನಿಂತ ಪಟ್ಟಿ ಅಳೆಯುವುದು ಜನರ ಕುತೂಹಲವನ್ನು. ರಷ್ಯಾದ ಅಲೆಕ್ಸಾಂಡರ್ ಗೊಲೊವಿನ್ ಅವರನ್ನೇ ನೋಡಿ. 2018ರ ಜೂನ್ 14ರಂದು, ವಿಶ್ವಕಪ್ಪಿನ ಮೊದಲ ಪಂದ್ಯದಲ್ಲಿ, ಸೌದಿ ಅರೇಬಿಯಾ ವಿರುದ್ಧ ಎರಡು ಗೋಲಿಗೆ ಚೆಂಡು ಒದಗಿಸಿ, ಕೊನೆಯಲ್ಲಿ ಫ್ರೀ ಕಿಕ್‌ನಲ್ಲಿ ತಾವೇ ಒಂದು ಗೋಲು ಹೊಡೆದರು. ರಷ್ಯಾ ಗೆದ್ದಿದ್ದು 5–0. ಹಿಂದಿನ ದಿನ ಅವರ ಹೆಸರೇ ಕೇಳದವರು ಅಂದು ಹುಡುಕಿರಬಹುದು. ಆದರೆ ಒಂದೇ ರಾತ್ರಿಯಲ್ಲಿ ಯಾರ ಕಾಲಿಗೂ ಹೊಸ ವಿದ್ಯೆ ಹತ್ತುವುದಿಲ್ಲ. ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಲಾಟಿನ ಸುತ್ತ ಎಷ್ಟು ಜನ ನಿಂತಿದ್ದಾರೆ ಎಂದು ಎಣಿಸಿ ಯಾವ ರೀಲರೂ ಬಿಡ್ ಹಾಕುವುದಿಲ್ಲ, ಗೂಡನ್ನು ಕೈಯಲ್ಲಿ ಹಿಡಿದು ಅಮುಕಿ ನೋಡುತ್ತಾನೆ. ಅಂದಹಾಗೆ, ಆ ವಿಶ್ವಕಪ್ಪಿಗೆ ಬಂದ 32 ತಂಡಗಳಲ್ಲಿ ಫಿಫಾ ಪಟ್ಟಿಯಲ್ಲಿ ಎಲ್ಲರಿಗಿಂತ ಕೆಳಗಿದ್ದದ್ದು ರಷ್ಯಾ, 70ನೇ ಸ್ಥಾನ. ಕ್ವಾರ್ಟರ್ ಫೈನಲ್‌ವರೆಗೂ ಹೋಯಿತು! ಅಧಿಕೃತ ಪಟ್ಟಿಯೂ ಭವಿಷ್ಯ ಹೇಳುವುದಿಲ್ಲ.

ತಪ್ಪು ಕಲ್ಪನೆ: ಆನ್‌ಲೈನಿನಲ್ಲಿ ಹೆಸರಿದ್ದರೆ ಮೈದಾನವೂ ತುಂಬುತ್ತದೆ.

ಸತ್ಯ: ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿಗೆ ಇದು ಚೆನ್ನಾಗಿ ಗೊತ್ತು. ಅದೇ 2018ರ ಜೂನ್ 1ರಂದು ಮುಂಬೈನಲ್ಲಿ ಅವರು ಚೈನೀಸ್ ತೈಪೆ ವಿರುದ್ಧ ಹ್ಯಾಟ್ರಿಕ್ ಹೊಡೆದಾಗ ನೋಡಲು ಬಂದಿದ್ದವರು 2,569 ಮಂದಿ. ಆಗ ಅವರು ದೇಶದ ಅತಿ ಪ್ರಸಿದ್ಧ ಫುಟ್‌ಬಾಲಿಗ. ಮರುದಿನ ಒಂದು ವಿಡಿಯೊದಲ್ಲಿ, ಬೈಯಲಿಕ್ಕಾದರೂ ಸರಿ, ಮೈದಾನಕ್ಕೆ ಬನ್ನಿ ಎಂದು ಜನರನ್ನು ಕೇಳಿಕೊಂಡರು. ಜೂನ್ 4ರಂದು ಕೆನ್ಯಾ ವಿರುದ್ಧದ ಪಂದ್ಯಕ್ಕೆ ಟಿಕೆಟ್ ಖಾಲಿ. ಅದು ಛೆಟ್ರಿಯ ನೂರನೇ ಅಂತರರಾಷ್ಟ್ರೀಯ ಪಂದ್ಯ. ಪ್ರಸಿದ್ಧಿ ತುಂಬಿಸದ ಮೈದಾನವನ್ನು ಕೈಮುಗಿದು ಕರೆದ ಕರೆ ತುಂಬಿಸಿತು.

ತಪ್ಪು ಕಲ್ಪನೆ: ಪಟ್ಟಿಯಲ್ಲಿ ಕಾಣದ ಹಳಬರು ಸಣ್ಣ ಆಟಗಾರರು.

ಸತ್ಯ: 1963ರಲ್ಲಿ ಬ್ಯಾಲನ್ ಡಿ’ಓರ್ ಗೆದ್ದ ಲೆವ್ ಯಾಶಿನ್ ತೀರಿಕೊಂಡದ್ದು 1990ರಲ್ಲಿ, ಹುಡುಕುವ ಅಂತರ್ಜಾಲ ಮನೆಮನೆಗೆ ಬರುವ ಮೊದಲೇ. ಆ ಪ್ರಶಸ್ತಿ ಗೆದ್ದ ಗೋಲ್‌ಕೀಪರ್ ಇವತ್ತಿಗೂ ಅವರೊಬ್ಬರೇ. ನಮ್ಮವರ ಪೈಕಿ, 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದವರು ಸಾರಂಗಪಾಣಿ ರಾಮನ್. ಬೆಂಗಳೂರಿನ ಅಹ್ಮದ್ ಖಾನ್ ಅದೇ ತಂಡದಲ್ಲಿದ್ದರು. ಇವರಿಗೆ ಕ್ಲಿಕ್ ಎಲ್ಲಿಂದ ಬರಬೇಕು?

ತಪ್ಪು ಕಲ್ಪನೆ: ಹುಡುಕಾಟದ ಏರಿಳಿತ ತೋರಿಸುವ ಗೂಗಲ್ ಟ್ರೆಂಡ್ಸ್‌ನಲ್ಲಿ 100 ಎಂದರೆ ನೂರು ಲಕ್ಷ ಜನ ಹುಡುಕಿದ್ದಾರೆ.

ಸತ್ಯ: ಆರಿಸಿಕೊಂಡ ಅವಧಿಯಲ್ಲಿ ಹುಡುಕಾಟದ ಪಾಲು ಅತಿ ಹೆಚ್ಚಿದ್ದ ಗಳಿಗೆಗೆ 100 ಎಂದು ಗುರುತು, ಉಳಿದದ್ದೆಲ್ಲ ಅದರ ಅನುಪಾತ. ಆಟಗಾರನ ಹೆಸರನ್ನು ಒಂಟಿಯಾಗಿ ಹಾಕಿದರೆ, ಒಂದಷ್ಟು ಹುಡುಕಾಟವಿರುವ ಯಾರಿಗಾದರೂ 100 ಬರುತ್ತದೆ. ಇಬ್ಬರನ್ನು ತೂಗಬೇಕಿದ್ದರೆ ಎರಡೂ ಹೆಸರನ್ನು ಒಟ್ಟಿಗೆ ಹಾಕಬೇಕು.